ಹಲ್ಲಲ್ಲಿ ಬಿಡಿಸಿದ ಹೂಗಳು

ಸಾಸ್ಕಟೂನ್
ಜೂನ್ 6, 1988

ಪ್ರೀತಿಯ ಕೋಕುಮ್,

ಕೆಲಸ ಸಿಕ್ಕಿತು. ಸಿಗುತ್ತದೆ ಅಂತ ನಾನು ಮೊದಲೇ ಹೇಳಿದ್ದೆ, ನೀನು ನಂಬಲಿಲ್ಲ. ಕಾಲೇಜು ತೆರೆಯುವವರೆಗೆ, ಅಂದರೆ ಬೇಸಿಗೆ ಪೂರ್ತಿ, ನದಿ ಪಕ್ಕದ ಗ್ಯಾಲರಿಯಲ್ಲಿ ಪಟ್ಟಿ ಮಾಡುವವಳು ನಾನು. ನಮ್ಮ ಜನರ ಕಲೆಗೆ ಅಂತಲೇ ಇರುವ ಗ್ಯಾಲರಿ ಇದು. ಆರುನೂರ ಚಿಲ್ಲರೆ ವಸ್ತುಗಳಿವೆ. ಒಂದೊಂದನ್ನೇ ತೆಗೆದು, ಅಳೆದು, ಫೋಟೋ ಹಿಡಿದು, ಸಣ್ಣ ಬ್ರಷ್ಷಿನಲ್ಲಿ ನಂಬರು ಬರೆದು, ಕಾರ್ಡಿನಲ್ಲಿ ವಿವರ ತುಂಬಬೇಕು. ಬಿಳಿ ಕೈಗವಸು ಹಾಕಿಕೊಂಡೇ ಎಲ್ಲ ಮುಟ್ಟಬೇಕು.

ಇಲ್ಲಿನ ಮುಖ್ಯಸ್ಥೆ ವೆರ್ನಾ. ನಮ್ಮ ಕ್ರೀ ಬುಡಕಟ್ಟಿನವಳೇ, ಕಂಬರ್ಲೆಂಡ್ ಕಡೆಯವಳು. ನಗುವುದು ಕಡಿಮೆ. ಮೊದಲ ದಿನ ಹಳೆಯ ಕಾರ್ಡುಗಳ ಡಬ್ಬ ನನ್ನ ಮುಂದಿಟ್ಟು, "ಓದು" ಅಂದಳು. ಓದಿದೆ. ಮೊಕಾಸಿನ್ ಚರ್ಮದ ಜೋಡು, ಮಣಿ ಕೆಲಸ, ಹೆಂಗಸು, ಹೆಸರು ತಿಳಿದಿಲ್ಲ. ಚೀಲ, ಹೆಂಗಸು, ಹೆಸರು ತಿಳಿದಿಲ್ಲ. ತೊಟ್ಟಿಲ ಪಟ್ಟಿ, ಹೆಸರು ತಿಳಿದಿಲ್ಲ. ಕೊಟ್ಟವರ ಹೆಸರು ಮಾತ್ರ ಎಲ್ಲದರಲ್ಲೂ ಪೂರ್ತಿ ಇದೆ, ಅವರ ಅಪ್ಪನ ಹೆಸರಿನ ಸಮೇತ. ನನಗೆ ಮೈ ಉರಿಯಿತು. "ಆಗಸ್ಟ್ ಮುಗಿಯೋದ್ರೊಳಗೆ ಇದರಲ್ಲಿ ಅರ್ಧಕ್ಕಾದ್ರೂ ಹೆಸರು ಹುಡುಕ್ತೀನಿ" ಅಂದೆ. ವೆರ್ನಾ, "ಮೊದಲು ಕೈಗವಸು ಸರಿಯಾಗಿ ಹಾಕ್ಕೊ, ಉಲ್ಟಾ ಆಗಿದೆ" ಅಂದಳು.

ಮಟಿಲ್ಡಾ ಕೋಕುಮ್‌ಗೂ ಇದನ್ನು ಓದಿ ಹೇಳು.

ನಿನ್ನ ಮೊಮ್ಮಗಳು,
ಡಾರ್ಲಾ


ಪೆಲಿಕನ್ ಕೊಲ್ಲಿ
ಜೂನ್ 17

ನೋಸಿಸಿಮ್, ನನ್ನ ಮೊಮ್ಮಗಳೇ,

ನಿನ್ನ ಕಾಗದ ಮಂಗಳವಾರದ ವಿಮಾನದಲ್ಲಿ ಬಂತು. ಅಂಗಡಿಯವನು ಅದನ್ನು ಬೆಣ್ಣೆ ಡಬ್ಬಿಗಳ ಕೆಳಗೆ ಹಾಕಿ ಮರೆತಿದ್ದ. ಅವನಿಗೆ ಬೈದು ತಂದೆ.

ಮಟಿಲ್ಡಾಗೆ ಓದಿದೆ. ಎಂದಿನ ಹಾಗೆ ಬೆಳಿಗ್ಗೆ ನಾನೇ ಅವಳ ಮನೆಗೆ ಹೋದೆ, ಅವಳು ಚಹಾ ಮಾಡಿದಳು. ಕೈಗವಸಿನ ವಿಷಯ ಕೇಳಿ ನನ್ನಕ್ಕನಿಗೆ ನಗು ತಡೆಯಲಾಗಲಿಲ್ಲ. "ಆ ಮೊಕಾಸಿನ್ ಹಾಕ್ಕೊಂಡು ಯಾರೋ ನಾಯಿ ಬಂಡಿ ಓಡಿಸಿರ್ತಾರೆ, ಮೀನು ಕುಯ್ದಿರ್ತಾರೆ. ಈಗ ಅದನ್ನ ಮುಟ್ಟೋಕೆ ಇವಳಿಗೆ ಗವಸು ಬೇಕಾ" ಅಂದಳು. ಹಲ್ಲಿಲ್ಲದ ಬಾಯಿ, ನಗುವಾಗ ಚಹಾ ಎಲ್ಲ ಲಂಗದ ಮೇಲೆ ಚೆಲ್ಲಿಕೊಂಡಳು.

ಇಲ್ಲಿ ಸೊಳ್ಳೆ ಜಾಸ್ತಿ. ಬಿಳಿ ಮೀನು ಚೆನ್ನಾಗಿ ಬೀಳುತ್ತಿದೆ, ಹೊಗೆಗೆ ಹಾಕಿದ್ದೇನೆ. ನೀನು ಊಟ ಬಿಟ್ಟು ಕೆಲಸ ಮಾಡಬೇಡ. ಪಟ್ಟಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ನಿನ್ನ ಅಜ್ಜಿ, ಕೋಕುಮ್ ಜೊಸೆಟ್


ಸಾಸ್ಕಟೂನ್
ಜೂನ್ 27

ಪ್ರೀತಿಯ ಕೋಕುಮ್,

ಕೂತಿದ್ದೀಯಾ? ಕೂತುಕೊಂಡು ಓದು.

ಇವತ್ತು ಹದಿನಾಲ್ಕನೇ ಕಪಾಟಿನಲ್ಲಿ ಒಂದು ಬಿಸ್ಕೆಟ್ ಡಬ್ಬಿ ಸಿಕ್ಕಿತು. ಒಳಗೆ ಹತ್ತಿಬಟ್ಟೆ ಸುತ್ತಿದ ಭೂರ್ಜ ಮರದ ತೊಗಟೆಯ ಸಿಪ್ಪೆಗಳು, ಈರುಳ್ಳಿ ಪೊರೆಯಷ್ಟು ತೆಳು. ಎಲ್ಲದರಲ್ಲೂ ಹಲ್ಲಿನ ಚಿತ್ತಾರ. ನೀವೆಲ್ಲ ಹಣ್ಣು ಕೀಳುವ ಬಿಡಾರದಲ್ಲಿ ಮಾಡುತ್ತಿದ್ದೆವು ಅಂತ ಹೇಳುತ್ತಿದ್ದಿರಲ್ಲ, ಸಿಪ್ಪೆಯನ್ನು ನಾಲ್ಕು ಮಡಿಕೆ ಮಾಡಿ, ಕಣ್ಣಿಗೆ ಕಾಣದೆಯೇ ಹಲ್ಲಲ್ಲಿ ಕಚ್ಚಿ ಕಚ್ಚಿ ಹೂವು ಬಿಡಿಸುವುದು, ಅದೇ. ಲೆಕ್ಕ ಹಾಕಿದೆ, ನಲವತ್ತೊಂದು ಇವೆ. ಒಂದನ್ನು ಕಿಟಕಿಗೆ ಹಿಡಿದೆ. ಕಚ್ಚಿದ ಗುರುತುಗಳೆಲ್ಲ ಬೆಳಕಲ್ಲಿ ಹೊಳೆದವು. ವೆರ್ನಾ ಕೈಯಲ್ಲಿದ್ದ ಕಾರ್ಡು ಕೆಳಗಿಟ್ಟು ಕಿಟಕಿ ಹತ್ತಿರ ಬಂದಳು. ಅವಳು ಕೆಲಸ ಬಿಟ್ಟು ಬರುವುದು ಅಂದರೆ ದೊಡ್ಡ ವಿಷಯ.

ಕಾರ್ಡಿನಲ್ಲಿ ಹೀಗಿದೆ: ಮಣಿ ಕೆಲಸದ ನಕ್ಷೆಗಳು. ಪೆಲಿಕನ್ ಕೊಲ್ಲಿ, 1956. ಶಾಲೆಯ ಮೇಷ್ಟ್ರ ಹೆಂಡತಿ ಕೊಟ್ಟದ್ದು. ಕಚ್ಚಿದವರು, ಹೆಂಗಸು, ಹೆಸರು ತಿಳಿದಿಲ್ಲ.

ನಮ್ಮ ಕೊಲ್ಲಿ, ಕೋಕುಮ್. ಈಗ ಕೇಳು. ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿದೆ. ಪ್ರತಿ ದಳದಲ್ಲೂ ಗೆರೆ ಒಂದೇ ಜಾಗದಲ್ಲಿ ತುಂಡಾಗಿದೆ. ಮೇಲಿನ ಎಡಗಡೆ ಹಲ್ಲಲ್ಲಿ ಒಂದು ಕಚ್ಚು ಇರುವವಳು ಮಾಡಿದ್ದು. ಆ ಕಚ್ಚು ನನಗೆ ಗೊತ್ತು. ಹೊಲಿಯುವಾಗ ನೀನು ದಾರ ಕಡಿಯುವುದು ಅಲ್ಲಿಂದಲೇ. ಚಿಕ್ಕವಳಿದ್ದಾಗ ಅದರಲ್ಲಿ ಬೆರಳಿಟ್ಟು ನೋಡಿ ಬೈಸಿಕೊಂಡಿದ್ದೇನೆ.

ಇವು ನಿನ್ನವು ತಾನೆ? ಇನ್ಯಾರವೂ ಆಗಲು ಸಾಧ್ಯವೇ ಇಲ್ಲ. ಬೇಗ ಬರಿ.

ಡಾರ್ಲಾ


ಪೆಲಿಕನ್ ಕೊಲ್ಲಿ
ಜುಲೈ 8

ನೋಸಿಸಿಮ್,

ಕಾಗದ ತಲುಪಿತು. ಈ ವಾರ ಮೂರು ದಿನ ಗಾಳಿ ಬೀಸಿ ವಿಮಾನ ಇಳಿಯಲಿಲ್ಲ. ನನ್ನ ಮಾಡಿನ ತಗಡು ಎದ್ದಿತ್ತು, ಪಕ್ಕದ ಮನೆಯ ಎಲಾಯ್ ಬಂದು ಮೊಳೆ ಹೊಡೆದು ಕೊಟ್ಟ. ಹೊಡೆದ ರೀತಿ ನೋಡಿದರೆ ಮುಂದಿನ ಗಾಳಿಗೆ ಮತ್ತೆ ಏಳುತ್ತದೆ.

ನೀಲಿ ಹಣ್ಣು ಈ ಸಲ ಬೇಗ ಬರುವ ಹಾಗಿದೆ. ನಾಯಿಗೆ ಮುಳ್ಳುಹಂದಿ ಮುಳ್ಳು ಚುಚ್ಚಿ ಮುಖ ಊದಿದೆ.

ಮಟಿಲ್ಡಾಗೆ ನಿನ್ನ ಕಾಗದ ಇನ್ನೂ ಓದಿಲ್ಲ. ಅವಳಿಗೆ ಕಿವಿ ನೋವು.

ಕೋಕುಮ್


ಸಾಸ್ಕಟೂನ್
ಜುಲೈ 15

ಪ್ರೀತಿಯ ಕೋಕುಮ್,

ತಗಡು, ನಾಯಿ, ಹಣ್ಣು, ಎಲ್ಲ ಬರೆದೆ. ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ನೀನು ಹೀಗೇ ಮಾಡುತ್ತೀಯ ಅಂತ ನನಗೆ ಗೊತ್ತಿತ್ತು. ನಮ್ಮ ಹಿರಿಯರು "ಹೌದು, ನಾನೇ ಮಾಡಿದೆ, ಚೆನ್ನಾಗಿದೆ" ಅಂತ ತಮ್ಮ ಬಾಯಿಂದ ಹೇಳಿಕೊಂಡದ್ದನ್ನು ಯಾರು ಕೇಳಿದ್ದಾರೆ? ಅಜ್ಜ ಜೀವನದಲ್ಲಿ ಅತಿ ದೊಡ್ಡ ಕಡವೆ ಹೊಡೆದು ತಂದ ದಿನ "ಏನೋ ಸಿಕ್ಕಿತು" ಅಂದಿದ್ದನಂತೆ. ನಿನ್ನ ಮೌನ ನನಗೆ ಅರ್ಥವಾಯಿತು.

ಹಾಗಾಗಿ ಬರೆದೇಬಿಟ್ಟೆ. ಹಳೆ ಕಾರ್ಡು ತೆಗೆದು ಹೊಸ ಕಾರ್ಡಿನಲ್ಲಿ: ಜೊಸೆಟ್ ಹಾಲ್ಕೆಟ್, ಪೆಲಿಕನ್ ಕೊಲ್ಲಿ. ನನ್ನ ಅತ್ಯಂತ ಚೆಂದದ ಅಕ್ಷರದಲ್ಲಿ.

ವೆರ್ನಾ ಕೇಳಿದಳು, "ನಿನ್ನ ಕೋಕುಮ್ ಹೂಂ ಅಂದ್ರಾ?"

"ಇಲ್ಲ ಅನ್ನಲಿಲ್ಲ."

"ಅದು ಹೂಂ ಅಲ್ಲ."

"ನೀವು ನಮ್ಮ ಕೋಕುಮ್‌ನ ನೋಡಿಲ್ಲ. ಇಲ್ಲ ಅನ್ನೋದಾದ್ರೆ ಕಾಗದ ಹರಿದು ಹೋಗೋ ಹಾಗೆ ಬರೀತಾಳೆ."

ಈಗ ದೊಡ್ಡ ಸುದ್ದಿ. ಸೆಪ್ಟೆಂಬರಿನಲ್ಲಿ ಪ್ರದರ್ಶನ. ಪೂರ್ತಿ ಒಂದು ಕೋಣೆ ಈ ನಲವತ್ತೊಂದಕ್ಕೇ. ಒಂದೊಂದರ ಹಿಂದೆಯೂ ದೀಪ. ಗೋಡೆಯ ಮೇಲೆ ನನ್ನಷ್ಟು ಎತ್ತರದಲ್ಲಿ ನಿನ್ನ ಹೆಸರು. ಪುಸ್ತಕವೂ ಬರುತ್ತದೆ, ಆಗಸ್ಟ್ 26ಕ್ಕೆ ಅಚ್ಚಿಗೆ ಹೋಗಬೇಕು. ನಿನ್ನ ಒಂದು ಫೋಟೋ ಕಳಿಸು, ಹಳೆಯದಿದ್ದರೆ ಒಳ್ಳೆಯದು. ನಿನ್ನ ಕೈಯ ಬಗ್ಗೆ ಮಟಿಲ್ಡಾ ಕೋಕುಮ್ ಏನಾದರೂ ಕಥೆ ಹೇಳಿದರೆ ಅದನ್ನೂ ಬರೆದು ಕಳಿಸು. ಅವಳು ನಿನ್ನ ಜೊತೆಗೇ ಬಿಡಾರದಲ್ಲಿದ್ದಳಲ್ಲ.

ಡಾರ್ಲಾ


ಪೆಲಿಕನ್ ಕೊಲ್ಲಿ
ಜುಲೈ 26

ನೋಸಿಸಿಮ್,

ಫೋಟೋ ಸಿಗಲಿಲ್ಲ. ಹುಡುಕುತ್ತೇನೆ.

ಆ ಸಿಪ್ಪೆಗಳು ಹೇಗಿವೆ? ಸುರುಳಿ ಸುತ್ತಿಕೊಂಡಿಲ್ಲವೇ? ನಾಲ್ಕು ಕೊಡತಿ ಹುಳ ರೆಕ್ಕೆ ಬಿಚ್ಚಿಕೊಂಡು ನಡುವಿನ ಹೂವಿಗೆ ಮುಖ ಮಾಡಿರುವುದು ಒಂದಿರಬೇಕು. ಅದು ಹರಿದಿಲ್ಲ ತಾನೆ?

ಹಣ್ಣು ಬಂದಿವೆ. ರಜೆ ಸಿಕ್ಕರೆ ಬಾ. ಬಂದರೆ ಕೂತು ಮಾತಾಡಬಹುದು.

ಕೋಕುಮ್


ಸಾಸ್ಕಟೂನ್
ಆಗಸ್ಟ್ 1

ಪ್ರೀತಿಯ ಕೋಕುಮ್,

ಸಿಕ್ಕಿಬಿದ್ದೆ ನೀನು. ಕೊಡತಿ ಹುಳದ ಚಿತ್ತಾರದ ವಿಷಯ ನಾನು ಬರೆದೇ ಇರಲಿಲ್ಲ. ಅದು ಡಬ್ಬಿಯ ತಳದಲ್ಲಿತ್ತು, ಹರಿದಿಲ್ಲ, ನಲವತ್ತೊಂದರಲ್ಲಿ ಅದೇ ಎಲ್ಲಕ್ಕಿಂತ ಚೆಂದ. ಮಾಡಿದವಳಿಗಲ್ಲದೆ ಇನ್ಯಾರಿಗೆ ನೆನಪಿರುತ್ತದೆ? ನಿನ್ನ ಕಾಗದವನ್ನು ವೆರ್ನಾಗೆ ತೋರಿಸಿದೆ. ಅವಳೂ ಒಪ್ಪಿದಳು.

ರಜೆ ಸಿಗುವುದಿಲ್ಲ, ಇನ್ನೂ ನೂರಾ ಹತ್ತು ಕಾರ್ಡು ಬಾಕಿ. ಆದರೆ ಪೋಸ್ಟರ್ ತಯಾರಾಗಿದೆ. ಕೊಡತಿ ಹುಳದ್ದೇ ಚಿತ್ರ, ಕೆಳಗೆ ನಿನ್ನ ಹೆಸರು. ಎರಡು ಸುರುಳಿ ಮಂಗಳವಾರದ ವಿಮಾನಕ್ಕೆ ಹಾಕುತ್ತಿದ್ದೇನೆ, ಒಂದು ನಿನಗೆ, ಒಂದು ಅಂಗಡಿಯ ಬಾಗಿಲಿಗೆ. ಊರೆಲ್ಲ ನೋಡಲಿ. ಮಟಿಲ್ಡಾ ಕೋಕುಮ್‌ಗೆ ಓದಲು ಬಾರದಿದ್ದರೂ ಚಿತ್ರ ನೋಡಿದರೆ ಸಾಕು, ತಂಗಿಯ ಕೆಲಸ ಅಂತ ಗುರುತು ಹಿಡಿಯುತ್ತಾಳೆ.

ಕೋಕುಮ್, ಈ ಬೇಸಿಗೆಯಲ್ಲಿ ನಾನು ಹೆಸರು ಹುಡುಕಿಕೊಟ್ಟದ್ದು ಹದಿನೇಳು ಹೆಂಗಸರಿಗೆ. ಅವರಲ್ಲಿ ನೀನೂ ಒಬ್ಬಳು ಅಂತ ನೆನೆದಾಗಲೆಲ್ಲ ನನಗೆ ಹೆಮ್ಮೆ ತಡೆಯಲಾಗುವುದಿಲ್ಲ. ನೀನು ಹೇಳಿಕೊಳ್ಳದಿದ್ದರೆ ಬೇಡ, ನಾನು ಹೇಳುತ್ತೇನೆ.

ಡಾರ್ಲಾ


ಪೆಲಿಕನ್ ಕೊಲ್ಲಿ
ಆಗಸ್ಟ್ 9

ಡಾರ್ಲಾ,

ಎರಡೂ ಸುರುಳಿ ನನ್ನ ಮಂಚದ ಕೆಳಗಿವೆ. ವಿಮಾನ ಬರುವ ಮುಂಚೆಯೇ ಹೋಗಿ ದಡದಲ್ಲಿ ನಿಂತಿದ್ದೆ. ಅಂಗಡಿಯವನ ಕೈಗೆ ಸಿಗದ ಹಾಗೆ ಇಸಿದುಕೊಂಡು, ಶಾಲಿನೊಳಗೆ ಮುಚ್ಚಿಕೊಂಡು ತಂದೆ. ಅರವತ್ತನಾಲ್ಕು ವರ್ಷದ ಹೆಂಗಸು ಕಳ್ಳಿಯ ಹಾಗೆ ಪೊದೆಗಳ ಹಿಂದಿನಿಂದ ಮನೆಗೆ ಬಂದೆ.

ಅವು ನನ್ನವಲ್ಲ. ಎಲ್ಲವೂ ಮಟಿಲ್ಡಾಳವು.

ಐವತ್ತಾರರಲ್ಲಿ ನನ್ನ ಹಲ್ಲು ಪೂರ್ತಿ ಇತ್ತು. ನೀನು ಬೆರಳಿಟ್ಟ ಕಚ್ಚು ಆಮೇಲೆ ದಾರ ಕಡಿದು ಕಡಿದು ಬಿದ್ದದ್ದು. ಮಟಿಲ್ಡಾಳ ಹಲ್ಲು ಮುರಿದದ್ದು ಹನ್ನೆರಡನೇ ವಯಸ್ಸಿನಲ್ಲಿ, ಹಿಮದ ಮೇಲೆ ನೀರಿನ ಬಕೆಟ್ಟಿನ ಸಮೇತ ಬಿದ್ದು. ಅದೇ ಎಡಗಡೆ. ಆ ಮುರಿದ ಹಲ್ಲಲ್ಲೇ ಅವಳು ನಮ್ಮೆಲ್ಲರಿಗಿಂತ ಚೆಂದ ಕಚ್ಚುತ್ತಿದ್ದಳು. ಸಂಜೆ ಬಿಡಾರದಲ್ಲಿ ಹೆಂಗಸರು ತಮ್ಮ ತಮ್ಮದನ್ನು ಬೆಂಕಿಯ ಬೆಳಕಿಗೆ ಹಿಡಿದು ನೋಡಿ, ನಕ್ಕು, ಬೆಂಕಿಗೇ ಹಾಕುತ್ತಿದ್ದರು. ಮಟಿಲ್ಡಾಳವನ್ನು ಮಾತ್ರ ನಾನು ಕಿತ್ತುಕೊಂಡು ಡಬ್ಬಿಯಲ್ಲಿಡುತ್ತಿದ್ದೆ, ಯಾಕೆಂದರೆ ನಾನು ಮಣಿ ಹೊಲಿಯುತ್ತಿದ್ದದ್ದೇ ಅದನ್ನು ನೋಡಿ. ಜೊಸೆಟ್‌ಳ ಹೂವು, ಜೊಸೆಟ್‌ಳ ಹೂವು ಅಂತ ನದಿಯುದ್ದಕ್ಕೂ ಜನ ಹೊಗಳಿದರು. ಹೂವು ಅವಳದು. ನಾನು ಸೂಜಿ ಹಿಡಿದವಳು.

ಆ ವರ್ಷ ಮೇಷ್ಟ್ರಿಗೆ ವರ್ಗವಾಯಿತು. ಅವನ ಹೆಂಡತಿ ಹೊರಡುವ ದಿನ ಬಂದು, ಈ ನಕ್ಷೆ ಯಾರು ಮಾಡುತ್ತಾರೆ ಅಂತ ಕೇಳಿದಳು. ನಾನು ಅಂದೆ. ಬಾಯಿಂದ ಬಂದುಬಿಟ್ಟಿತು. ಹಾಗಾದರೆ ನೆನಪಿಗೆ ಈ ಡಬ್ಬಿ ಕೊಡುತ್ತೀಯಾ, ನೀನು ಮತ್ತೆ ಮಾಡಿಕೊಳ್ಳಬಹುದಲ್ಲ ಅಂದಳು. ಅಕ್ಕನನ್ನು ಕೇಳಬೇಕು ಅನ್ನುವ ಹಾಗಿರಲಿಲ್ಲ. ಕೊಟ್ಟೆ. ನನ್ನ ಹೆಸರನ್ನೂ ಹೇಳಿದ್ದೆ. ಅದನ್ನಾದರೂ ಬರೆದುಕೊಂಡಳಾ, ಅದೂ ಇಲ್ಲ.

ಮಟಿಲ್ಡಾ ಮತ್ತೆ ಮಾಡಿಕೊಳ್ಳಬಹುದು ಅಂತ ನಾನೂ ಅಂದುಕೊಂಡಿದ್ದೆ. ಆ ಶರತ್ಕಾಲದಲ್ಲಿ ಹಲ್ಲಿನ ಡಾಕ್ಟರು ವಿಮಾನದಲ್ಲಿ ಬಂದ. ಅವನಿಗೆ ಇದ್ದದ್ದು ಒಂದೇ ದಿನ. ಒಂದು ಹಲ್ಲು ನೋಯುತ್ತದೆ ಅಂತ ಹೋದ ಮಟಿಲ್ಡಾಳ ಹಲ್ಲನ್ನೆಲ್ಲ ತೆಗೆದು ಹೊರಟುಹೋದ. ಚಳಿಗಾಲದಲ್ಲಿ ಅವಳು ಬಂದು, "ಆ ಡಬ್ಬಿ ಕೊಡೆ, ಇನ್ನು ಮಾಡೋಕಂತೂ ಆಗಲ್ಲ, ನೋಡ್ಕೊಂಡಾದ್ರೂ ಇರ್ತೀನಿ" ಅಂದಳು. ದೋಣಿ ಮಗುಚಿ ಡಬ್ಬಿ ನೀರುಪಾಲಾಯಿತು ಅಂತ ಹೇಳಿದೆ. ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. "ನೀನು ಮುಳುಗಲಿಲ್ವಲ್ಲ, ಡಬ್ಬಿ ಹೋದ್ರೆ ಹೋಗ್ಲಿ" ಅಂದಳು.

ಮೂವತ್ತೆರಡು ವರ್ಷ ದಿನಾ ಅವಳ ಚಹಾ ಕುಡಿದಿದ್ದೇನೆ.

ಡಬ್ಬಿ ಸಿಕ್ಕಿತು ಅಂತ ನೀನು ಬರೆದ ಕಾಗದ ಓದಿ ಹೆದರಿದೆ. ಅದರ ನಂತರದ್ದನ್ನು ಓದಿದಾಗ ಖುಷಿಯಾಯಿತು. ಗೋಡೆಯ ಮೇಲೆ ನನ್ನ ಹೆಸರು ಹೇಗೆ ಕಾಣುತ್ತದೆ ಅಂತ ಒಲೆ ಮುಂದೆ ಕೂತು ಯೋಚಿಸಿದೆ. ಹೇಳಲು ನಾಚಿಕೆಯಾಗುವುದು ಅದೇ. ಸಂಕೋಚದಿಂದ ಸುಮ್ಮನಿದ್ದೇನೆ ಅಂತ ನೀನು ತಿಳಿದೆ. ತಿಳಿಯಲಿ ಅಂತ ಬಿಟ್ಟೆ.

ನನ್ನ ಹೆಸರು ತೆಗೆದು ಅವಳದನ್ನು ಬರಿ. ಅವಳಿಗೆ ಹೇಳುವುದು ಮಾತ್ರ ನನ್ನಿಂದ ಆಗುವುದಿಲ್ಲ. ಅವಳಿಗೆ ಎಪ್ಪತ್ತೆರಡು.

ಜೊಸೆಟ್


ಸಾಸ್ಕಟೂನ್
ಆಗಸ್ಟ್ 13

ಕೋಕುಮ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಿನ್ನ ಮೇಲೆ ಕೋಪ ಬಂತು, ಎರಡನೆಯ ಸಲ ನನ್ನ ಮೇಲೆ. ಹೆಸರಿಲ್ಲದ ಕಾರ್ಡು ನೋಡಿ ಮೈ ಉರಿಸಿಕೊಂಡವಳು ನಾನು. ತಪ್ಪು ಹೆಸರು ಬರೆದವಳೂ ನಾನೇ. ಕೇಳಿದೆ, ಆದರೆ ನನಗೆ ಬೇಕಾದ ಉತ್ತರವನ್ನು ನಾನೇ ತುಂಬಿಕೊಂಡೆ. ಕಾರ್ಡುಗಳನ್ನು ಬರೆದ ಹಳಬರೂ ಇಷ್ಟೇ ಮಾಡಿದ್ದು.

ವೆರ್ನಾಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತು, "ಅಚ್ಚಿನವರಿಗೆ ಫೋನ್ ಮಾಡು, ಇಪ್ಪತ್ತಾರರವರೆಗೆ ಆ ಪುಟ ತಡೀಲಿ" ಅಂದಳು. ನಾನು ಮಟಿಲ್ಡಾ ಕೋಕುಮ್ ಹೆಸರು ಬರೆಯಲು ಪೆನ್ನು ತೆಗೆದರೆ ನನ್ನ ಕೈ ಹಿಡಿದಳು. "ಕೇಳದೆ ಬರ್ದಿದ್ದು ಒಂದು ಸಲ ಸಾಕು. ಆ ಅಜ್ಜಿ ತನ್ನ ಬಾಯಿಂದ ಹೇಳೋವರೆಗೆ ಕಾರ್ಡು ಖಾಲಿ ಇರುತ್ತೆ."

ಅವಳ ಮಾತು ಸರಿ. ಆದ್ದರಿಂದ ಇದನ್ನು ಪ್ರೀತಿಯಿಂದಲೇ, ಆದರೆ ಗಟ್ಟಿಯಾಗಿ ಬರೆಯುತ್ತಿದ್ದೇನೆ. ನಾನು ಹೇಳುವುದಿಲ್ಲ, ಪಾದ್ರಿಯ ಕೈಲೂ ಹೇಳಿಸುವುದಿಲ್ಲ. ನೀನೇ ಹೋಗಿ ಹೇಳಬೇಕು. ಸುರುಳಿಯನ್ನು ಮಂಚದ ಕೆಳಗಿಂದ ತೆಗೆದು ಅವಳ ಮೇಜಿನ ಮೇಲೆ ಬಿಚ್ಚು. ಅವಳಿಗೆ ಎಪ್ಪತ್ತೆರಡು ಅಂದೆ, ಅದಕ್ಕೇ ಈಗಲೇ ಹೇಳು ಅನ್ನುತ್ತಿರುವುದು. ಹೇಳದಿದ್ದರೆ ಪ್ರದರ್ಶನವಿಲ್ಲ, ಪುಸ್ತಕವಿಲ್ಲ, ಡಬ್ಬಿ ಮತ್ತೆ ಹದಿನಾಲ್ಕನೇ ಕಪಾಟಿಗೆ ಹೋಗುತ್ತದೆ. ಅವಳು ಅದನ್ನು ನೋಡದೆಯೇ ಹೋಗಬೇಕಾಗುತ್ತದೆ.

ನೀನು ಧೈರ್ಯವಿಲ್ಲದವಳಲ್ಲ. ಕರಡಿಯನ್ನು ಪೊರಕೆಯಲ್ಲಿ ಓಡಿಸಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಡಾರ್ಲಾ


ಪೆಲಿಕನ್ ಕೊಲ್ಲಿ
ಆಗಸ್ಟ್ 21

ಡಾರ್ಲಾ,

ನಾನು ಮಟಿಲ್ಡಾ. ನಾನು ಹೇಳ್ತಾ ಇದೀನಿ, ನಿನ್ನ ಕೋಕುಮ್ ಬರೀತಾ ಇದಾಳೆ. ಒಂದು ಮಾತು ಬಿಟ್ರೂ ನಂಗೆ ಗೊತ್ತಾಗುತ್ತೆ, ಆಮೇಲೆ ಶಾಲೆ ಹುಡುಗಿ ಕೈಲಿ ಓದಿಸಿ ನೋಡ್ತೀನಿ ಅಂತ ಹೇಳಿದೀನಿ. ಅದನ್ನೂ ಬರಿ ಅಂದೆ. ಬರೆದ್ಲು.

ಬುಧವಾರ ಬೆಳಿಗ್ಗೆ ಬಂದ್ಲು. ಕೂತ್ಕೊ ಅಂದ್ರೆ ಕೂರ್ಲಿಲ್ಲ. ಮೇಜಿನ ಮೇಲೆ ಆ ಕಾಗದ ಬಿಚ್ಚಿ ನಾಲ್ಕು ಮೂಲೆಗೂ ಬಟ್ಟಲು ಇಟ್ಲು. ಬಗ್ಗಿ ನೋಡಿದೆ. ನನ್ನ ಕೊಡತಿ ಹುಳ. ಆಮೇಲೆ ಎಲ್ಲ ಹೇಳಿದ್ಲು, ನಿಂತ್ಕೊಂಡೇ.

ನಾನು ಅವಳ ಬಟ್ಟಲಿನ ಚಹಾನ ವಾಪಸ್ ಕೆಟಲಿಗೆ ಸುರಿದೆ. ಎದ್ದು ಹೋಗು ಅಂದೆ. ನಿಂತಿದ್ದವಳಿಗೆ ಎದ್ದು ಹೋಗು ಅಂದೆ ನೋಡು, ಅಷ್ಟು ಸಿಟ್ಟು. ನೀನು ಮುಳುಗ್ಲಿಲ್ವಲ್ಲ ಅಂತ ನಾನು ಅತ್ತಿದ್ನಲ್ಲ, ಆ ಅಳು ನಂಗೆ ವಾಪಸ್ ಕೊಡು ಅಂದೆ.

ಮೂರು ದಿನ ಬಾಗಿಲು ತೆಗೀಲಿಲ್ಲ. ಇವಳು ಹೊರಗಡೆ ಸೌದೆ ಕೊರಡಿನ ಮೇಲೆ ಬಂದು ಕೂರೋಳು. ಬೆಳಿಗ್ಗೆ ಬಂದ್ರೆ ಊಟದ ಹೊತ್ತಿಗೆ ಹೋಗೋಳು, ಮತ್ತೆ ಬರೋಳು. ಸೊಳ್ಳೆ ಕಚ್ಚಲಿ ಅಂತ ಬಿಟ್ಟೆ. ನಾಲ್ಕನೇ ದಿನ ನನ್ನ ಸೌದೆ ಒಡೆಯೋಕೆ ಶುರು ಮಾಡಿದ್ಲು. ಎಷ್ಟು ಕೆಟ್ಟದಾಗಿ ಒಡೀತಾಳೆ ಅಂದ್ರೆ ನೋಡೋಕಾಗ್ದೆ ಬಾಗಿಲು ತೆಗೆದು ಕೊಡ್ಲಿ ಕಿತ್ಕೊಂಡೆ. ಅಷ್ಟೇ. ಅದು ರಾಜಿ ಅಲ್ಲ. ಕ್ಷಮಿಸಿದ್ಲು ಅಂತ ಬರೀಬೇಡ ಅಂದಿದೀನಿ. ಇನ್ನೂ ಇಲ್ಲ.

ಈಗ ಕಾರ್ಡು. ಬರ್ಕೊ. ಮಟಿಲ್ಡಾ ಬೆಲಂಟೈನ್. ಪೂರ್ತಿ ಬರಿ. ನಾನು ಹೂಂ ಅಂತಿದೀನಿ, ನಿಮ್ಮ ವೆರ್ನಾಗೆ ಹೇಳು. ಅವಳು ಕೇಳಿ ಕಳಿಸಿದ್ದು ನಂಗೆ ಹಿಡಿಸ್ತು. ನನ್ನ ಹಲ್ಲು ಕಿತ್ತೋನು ಕೇಳ್ಲಿಲ್ಲ, ಡಬ್ಬಿ ತಗೊಂಡು ಹೋದೋಳು ಕೇಳ್ಲಿಲ್ಲ, ನನ್ನ ಸ್ವಂತ ತಂಗಿ ಕೇಳ್ಲಿಲ್ಲ.

ಅದರ ಕೆಳಗೆ ಇನ್ನೊಂದು ಸಾಲು. ಈ ಹೂಗಳನ್ನ ಮಣಿಯಲ್ಲಿ ಹೊಲಿದವಳು ಜೊಸೆಟ್ ಹಾಲ್ಕೆಟ್. ಇವಳು ಬೇಡ ಅಂತಿದಾಳೆ. ಬರಿ ಅಂತ ನಾನು ಹೇಳಿದೀನಿ. ನಾನು ಕಚ್ಚಿ ಬೆಂಕಿಗೆ ಹಾಕೋಳು, ಇವಳು ಎತ್ತಿಟ್ಕೊಳ್ದೆ ಇದ್ದಿದ್ರೆ ನಲವತ್ತೊಂದೂ ಬೂದಿ. ಅದೂ ನಿಜ, ಇದೂ ನಿಜ. ಸುಳ್ಳಿ ಅಂತ ಕಾರ್ಡಲ್ಲಿ ಹಾಕೋದು ಬೇಡ, ಊರಿಗೆಲ್ಲ ನಾನೇ ಹೇಳಿ ಆಗಿದೆ.

ಗೋಡೆ, ದೀಪ ಎಲ್ಲ ಮಾಡ್ಕೊಳಿ. ಆದ್ರೆ ಮೊದಲು ಡಬ್ಬಿ ಇಲ್ಲಿಗೆ ಬರ್ಬೇಕು, ನೀನೇ ತರ್ಬೇಕು. ಗವಸು ಗಿವಸು ಹಾಕ್ಕೊಂಡು ಬಂದ್ರೆ ಒಳಗೆ ಬಿಡಲ್ಲ. ನಿಂಗೆ ಹಲ್ಲು ಪೂರ್ತಿ ಇದೆ ತಾನೆ? ಒಳ್ಳೆ ಸಿಪ್ಪೆ ಜೂನಲ್ಲೇ ಎಬ್ಬಿಸಿ ಇಟ್ಟಿದೀನಿ, ಬೇರೆ ಕೆಲಸಕ್ಕೆ ಅಂತ. ಎರಡು ದಿನ ಉಳ್ಕೊಳೋ ಹಾಗೆ ಬಾ. ಎಲ್ಲಿ ಮಡಿಸ್ಬೇಕು, ಎಲ್ಲಿ ಕಚ್ಬೇಕು ಅಂತ ಹೇಳ್ಕೊಡ್ತೀನಿ. ಮೊದಮೊದಲು ಎಲ್ಲ ತೂತು ಬೀಳುತ್ತೆ, ನಾನು ಬೈತೀನಿ, ಅಳ್ಬಾರ್ದು.

ಬಂದ ದಿನ ನಾನೊಬ್ಬಳೇ ಡಬ್ಬಿ ತೆಗೆದು ನೋಡ್ತೀನಿ. ಯಾರೂ ಒಳಗೆ ಬರ್ಬಾರ್ದು, ನೀನೂ ಅಷ್ಟೇ. ನಲವತ್ತೊಂದನ್ನೂ ಕಿಟಕಿಗೆ ಹಿಡಿದು ನೋಡ್ಬೇಕು, ಹೊತ್ತಾಗುತ್ತೆ. ಇವಳು ಅಷ್ಟು ಹೊತ್ತೂ ಹೊರಗೆ ಕೊರಡಿನ ಮೇಲೆ ಕೂತಿರ್ಲಿ. ನೋಡಿ ಮುಗಿದ ಮೇಲೆ ನಾನೇ ಕರೀತೀನಿ. ಇದನ್ನ ಬರೀವಾಗ ಇವಳ ಕೈ ನಿಂತೋಯ್ತು. ಬರಿ ಜೊಸೆಟ್, ಕರೀತೀನಿ ಅಂತ ಬರಿ.

ಮಟಿಲ್ಡಾ